ಕಡಲ ಓದಿಗೊಂದು ವಿದ್ಯಾರ್ಥಿವೇತನ

ಜೂನ್ ತಿಂಗಳು ಬಂತೆಂದರೆ ನಮ್ಮಂಥ ಸಂಘಗಳ ಮಾಸಪತ್ರಿಕೆಗಳಲ್ಲಿ ಮಳೆಯ ಕವಿತೆಗಳ ಪಕ್ಕದಲ್ಲೇ ಒಂದು ಚೌಕಟ್ಟಿನ ಪ್ರಕಟಣೆ ತಪ್ಪದೆ ಇರುತ್ತದೆ. ಪ್ರತಿಭಾವಂತ ಕನ್ನಡ ವಿದ್ಯಾರ್ಥಿಗಳಿಂದ ವಿದ್ಯಾರ್ಥಿವೇತನಕ್ಕೆ ಅರ್ಜಿ ಆಹ್ವಾನಿಸಲಾಗಿದೆ. ಅಂಕಪಟ್ಟಿಯ ನಕಲು, ಸದಸ್ಯರಿಬ್ಬರ ಶಿಫಾರಸು, ಎರಡು ಭಾವಚಿತ್ರ ಲಗತ್ತಿಸತಕ್ಕದ್ದು. ಆಗಸ್ಟಿನಲ್ಲಿ ಸಮಾರಂಭ. ಒಂದು ಶಾಲು, ಒಂದು ಫಲಕ, ಒಂದು ಲಕೋಟೆ, ಕೊನೆಗೆ ಎಲ್ಲರೂ ಸೇರಿ ಒಂದು ಫೋಟೋ. ಲೆಕ್ಕಪತ್ರ ನೋಡಿದವರಿಗೆ ಗೊತ್ತು, ಕೆಲವು ವರ್ಷ ಲಕೋಟೆಯೊಳಗಿನ ಮೊತ್ತಕ್ಕಿಂತ ಶಾಲು, ಫಲಕ, ಸಭಾಗೃಹದ ಬಾಡಿಗೆ, ಉಪ್ಪಿಟ್ಟು ಕೇಸರಿಭಾತುಗಳ ಮೊತ್ತವೇ ಹೆಚ್ಚಾಗಿರುತ್ತದೆ. ಇದನ್ನು ದೂರಿಗಾಗಿ ಹೇಳುತ್ತಿಲ್ಲ. ಊರು ಬಿಟ್ಟು ಬಂದವರು ವರ್ಷಕ್ಕೊಮ್ಮೆ ತಮ್ಮ ಮಕ್ಕಳನ್ನು ವೇದಿಕೆಯ ಮೇಲೆ ಕಂಡು ಚಪ್ಪಾಳೆ ತಟ್ಟುವುದಕ್ಕೂ ಒಂದು ಬೆಲೆಯಿದೆ. ಅದನ್ನು ನಾವೂ ತಟ್ಟಿದ್ದೇವೆ.

ಈ ಪದ್ಧತಿಯ ಬೇರು ಆಳವಾದದ್ದು. ಮುಂಬಯಿಗೆ ಬಂದು ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಫೋರ್ಟ್ ಪರಿಸರದ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದವರು ಎಷ್ಟು ಮಂದಿ! ಅಂದು ಯಾರೋ ಒಬ್ಬರು ಪುಸ್ತಕಕ್ಕೆ, ಪರೀಕ್ಷೆಯ ಶುಲ್ಕಕ್ಕೆ ಕೈಯೆತ್ತಿ ಕೊಟ್ಟಿದ್ದರೆಂಬ ನೆನಪೇ ಮುಂದೆ ಅವರಿಂದ ನಿಧಿಗಳನ್ನು ಇಡಿಸಿತು. ಆದರೆ ಆ ನಿಧಿಗಳ ಬಡ್ಡಿ ಇಂದು ಹರಿಯುವ ದಾರಿ ಬಹುಮಟ್ಟಿಗೆ ಒಂದೇ: ಎಂಜಿನಿಯರಿಂಗು, ವೈದ್ಯಕೀಯ, ಸಿ.ಎ., ಇತ್ತೀಚೆಗೆ ಕಂಪ್ಯೂಟರಿನ ಬಗೆಬಗೆಯ ಶಾಖೆಗಳು. ಪ್ರಾಣಿಶಾಸ್ತ್ರ ಓದುತ್ತೇನೆಂಬ ಅರ್ಜಿ ಬಂದರೆ ಅದನ್ನು ಎತ್ತಿ ಎಲ್ಲರಿಗೂ ತೋರಿಸಬೇಕು, ಅಷ್ಟು ಅಪರೂಪ. ನಾವು ಬಿ.ಎಸ್‌ಸಿ.ಗೆ ಓದಿದ್ದು ಅದನ್ನೇ. ಕೇಂದ್ರ ಸರಕಾರದ ಗುಮಾಸ್ತಿಕೆಯಲ್ಲಿ ಆ ವಿದ್ಯೆ ಉಪಯೋಗಕ್ಕೆ ಬಂದದ್ದು ಕಡತ ತಿನ್ನುವ ಹುಳ ಯಾವ ಜಾತಿಯದೆಂದು ಗುರುತಿಸುವುದಕ್ಕೆ ಮಾತ್ರ. ಆದರೂ ಸಂಘದ ಉಪಸಮಿತಿಯಲ್ಲಿ 'ವಿಜ್ಞಾನದ ಅರ್ಜಿಯನ್ನು ನೀವೇ ನೋಡಿ' ಎಂದು ನಮ್ಮ ಕಡೆಗೆ ತಳ್ಳುವ ರೂಢಿ ಬೆಳೆದಿದೆ.

2022ರ ಜೂನಿನಲ್ಲಿ ಹಾಗೆ ನಮ್ಮ ಕಡೆಗೆ ಬಂದ ಒಂದು ಅರ್ಜಿ ಭಟ್ಕಳ ತಾಲೂಕಿನದು. ಮುರುಡೇಶ್ವರದ ಹತ್ತಿರದ ಮೀನುಗಾರರ ಕೇರಿಯ ಹುಡುಗಿ, ಬಿ.ಎಸ್‌ಸಿ. ಮುಗಿಸಿ ಕಾರವಾರದಲ್ಲಿ ಕಡಲಜೀವಶಾಸ್ತ್ರದ ಎಂ.ಎಸ್‌ಸಿ.ಗೆ ಸೇರಲಿರುವವಳು. ಕಾಳಿ ನದಿ ಕಡಲು ಸೇರುವೆಡೆ, ಕೋಡಿಬಾಗದಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ಆ ವಿಭಾಗವಿದೆ. ಇಲ್ಲಿ ಅಂಧೇರಿಯಲ್ಲಿರುವ ದೂರದ ನೆಂಟರೊಬ್ಬರು ನಮ್ಮ ನಮೂನೆಯ ಚಿತ್ರ ತೆಗೆದು ಫೋನಿನಲ್ಲಿ ಕಳಿಸಿದ್ದರಂತೆ. ಅದನ್ನು ನೋಡಿ ಬಿಳಿ ಹಾಳೆಯ ಮೇಲೆ ಕೈಯಿಂದಲೇ ಕಾಲಮು ಎಳೆದು ತುಂಬಿದ್ದಳು. ಏಳನೆಯ ಕಾಲಮು 'ಮುಂಬಯಿಯಲ್ಲಿ ವಾಸವಾಗಿರುವ ಅವಧಿ.' ಅದರೆದುರು ಬರೆದಿದ್ದಳು: 'ನಾನು ಇಲ್ಲ. ಅಜ್ಜ 1980ರಿಂದ 1996ರ ತನಕ, ಸಸೂನ್ ಡಾಕ್.' 'ಓದಿನ ಉದ್ದೇಶ' ಎಂಬಲ್ಲಿ ಎಲ್ಲರೂ ಸಮಾಜಸೇವೆ, ದೇಶಸೇವೆ ಎಂದು ಬರೆಯುವ ಜಾಗದಲ್ಲಿ: 'ನಮ್ಮ ಕಡೆ ಮೀನು ಕಮ್ಮಿಯಾಗುತ್ತಿದೆ ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಕಮ್ಮಿ, ಯಾಕೆ ಎಂದು ನಮ್ಮವರೇ ಯಾರಾದರೂ ಲೆಕ್ಕ ಇಡಬೇಕು.'

ಅಜ್ಜ 1980ರಲ್ಲಿ ಮುಂಬಯಿಗೆ ಯಾಕೆ ಬಂದರೆಂಬುದು ಕರಾವಳಿಯ ಹಿರಿಯರಿಗೆ ಹೇಳಬೇಕಾಗಿಲ್ಲ. ರಂಪಣಿ ಎಂಬ ಮಹಾಬಲೆಯನ್ನು ಇಡೀ ಕೇರಿಯೇ ಸೇರಿ ದಡದಿಂದ ಎಳೆಯುತ್ತಿದ್ದ ಕಾಲವೊಂದಿತ್ತು. ಎಳೆದವರಿಗೆಲ್ಲ ಪಾಲು, ಮುದುಕರಿಗೂ ವಿಧವೆಯರಿಗೂ ಒಂದು ಹಿಡಿ. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದು ಬಂಗಡೆ, ತಾರ್ಲೆಗಳ ಹಿಂಡನ್ನು ದಡಕ್ಕೆ ಬರುವ ಮೊದಲೇ ನಡುನೀರಿನಲ್ಲಿ ಸುತ್ತುಗಟ್ಟಿ ಎತ್ತತೊಡಗಿದ ಮೇಲೆ, ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. (ತಾರ್ಲೆ ಎಂದರೆ ಮಂಗಳೂರಿನವರ ಬೂತಾಯಿ, ಈ ಒಂದು ಮೀನಿನ ಹೆಸರಿಗೆ ನಮ್ಮ ಸಂಘದಲ್ಲಿ ಎರಡು ಜಿಲ್ಲೆಗಳ ನಡುವೆ ಇರುವ ಜಗಳ ಬೇರೆಯೇ ಲೇಖನವಾದೀತು.) ದಡದಲ್ಲಿ ಕೆಲಸ ತಪ್ಪಿದ ಕೈಗಳಲ್ಲಿ ಎಷ್ಟೋ ಮುಂಬಯಿಗೆ ಬಂದುವು. ಮೀನು ಹಾಗೆ ಊರು ಬಿಡಿಸಿದವರ ಮೊಮ್ಮಗಳು ಈಗ ಮೀನಿನ ಲೆಕ್ಕ ಇಡುತ್ತೇನೆ ಎನ್ನುತ್ತಿದ್ದಾಳೆ ಎಂದು ನಮಗೆ ತೋರಿತು.

ಉಪಸಮಿತಿಗೆ ತೋರಿದ್ದು ಬೇರೆ. ಖಜಾಂಚಿಯವರು ಕನ್ನಡಕ ಹಣೆಗೇರಿಸಿ, "ಅಲ್ಲ ಮಾರಾಯ್ರೇ, ಇಲ್ಲಿಯ ನಮ್ಮ ಮಕ್ಕಳಿಗೇ ಹಣ ಸಾಲುವುದಿಲ್ಲ. ಊರಿನವರಿಗೆ ಊರಿನ ಸರಕಾರ ಇಲ್ಲವೇ?" ಎಂದರು. ಇನ್ನೊಬ್ಬರು, "ಮೀನು ಎಣಿಸುವುದಕ್ಕೆ ಎಂ.ಎಸ್‌ಸಿ. ಬೇಕೆ? ನಮ್ಮ ಬೀದಿಗೆ ಬರುವ ಕೋಳಿ ಬಾಯಿ ದಿನಾ ಎಣಿಸುತ್ತಾಳಲ್ಲ!" ಎಂದು ನಗಿಸಿದರು. ನಿಯಮಾವಳಿ ತೆರೆದು ನೋಡಿದರೆ 'ಮುಂಬಯಿ ಮಹಾನಗರದ ಸ್ಥಳೀಯ ಕನ್ನಡ ವಿದ್ಯಾರ್ಥಿಗಳಿಗೆ' ಎಂದು ಸ್ಪಷ್ಟವಾಗಿತ್ತು.

ಸ್ಥಳೀಯ! ಈ ಪದ ಕೇಳಿದರೆ ಮುಂಬಯಿ ಕನ್ನಡಿಗನ ಬೆನ್ನುಹುರಿಯಲ್ಲಿ ಸಣ್ಣದೊಂದು ಚಳಿ ಏಳುತ್ತದೆ. 1960ರ ದಶಕದ ಕೊನೆಗೆ ದಕ್ಷಿಣದವರ ಹೋಟೆಲುಗಳ ಮೇಲೆ ಕಲ್ಲು ಬಿದ್ದ ದಿನಗಳ ಕಥೆಯನ್ನು ಹಿರಿಯರು ಈಗಲೂ ಹೇಳುತ್ತಾರೆ. ಇಲ್ಲಿ ನಾವು ಹೊರಗಿನವರು. ಊರಿಗೆ ಹೋಗಿ ಮಗುವಿಗೆ ಕಾಲೇಜು ಸೀಟು ಕೇಳಿದರೆ ಅಲ್ಲಿಯೂ ಹೊರನಾಡ ಕನ್ನಡಿಗರೆಂಬ ಬೇರೆ ಗುಂಪು, ಕನ್ನಡ ಬರುತ್ತದೆಯೇ ಎಂದು ನೋಡಲು ಬೇರೆ ಭಾಷಾ ಪರೀಕ್ಷೆ. ಇಷ್ಟೆಲ್ಲ ಅನುಭವಿಸಿದ ನಾವೇ ನಮ್ಮ ನಿಯಮಾವಳಿಯಲ್ಲಿ ಸ್ಥಳೀಯರು ಯಾರೆಂದು ಗೆರೆ ಎಳೆದು ಕುಳಿತಿದ್ದೆವಲ್ಲ ಎಂದು ಸಭೆಯಲ್ಲಿ ಹೇಳಿದೆವು. ಅಧ್ಯಕ್ಷರು ಚಹಾ ತರಿಸಿದರು. ಇದು ನಮ್ಮ ಸಂಘದಲ್ಲಿ ಚರ್ಚೆ ಬಿಸಿಯೇರಿತೆಂಬುದರ ಗುರುತು.

ಆದರೆ ಕಡಲಿನ ವಿಷಯದಲ್ಲಿ ಸ್ಥಳೀಯ ಎಂಬುದಕ್ಕೆ ಅರ್ಥವೇ ಬೇರೆ. ಅದನ್ನು ತುಸು ವಿವರಿಸಬೇಕು.

ಕಡಲ ಸಂರಕ್ಷಣೆಯೆಂದರೆ ಬಹಳ ಮಂದಿಗೆ ಕಣ್ಣಮುಂದೆ ಬರುವುದು ಆಮೆಮರಿ. 2018ರ ಮಾರ್ಚಿನಲ್ಲಿ ನಮ್ಮ ವರ್ಸೋವಾ ದಂಡೆಯಲ್ಲಿ ಆಲಿವ್ ರಿಡ್ಲೆ ಮರಿಗಳು ಕಂಡಾಗ ಇಡೀ ನಗರ ಹಿಗ್ಗಿತು. 2015ರಿಂದ ಅಲ್ಲಿ ಕಸ ಎತ್ತಿದವರ ಶ್ರಮಕ್ಕೆ ಅದು ಸಲ್ಲಬೇಕಾದ ಸಂತೋಷವೇ. ಚೆನ್ನೈಯಲ್ಲಿ 1988ರಿಂದ ವಿದ್ಯಾರ್ಥಿಗಳದೇ ಒಂದು ಬಳಗ ರಾತ್ರಿ ಮರಳಿನಲ್ಲಿ ಮೈಲಿಗಟ್ಟಲೆ ನಡೆದು ಆಮೆಯ ಮೊಟ್ಟೆ ಕಾಯುತ್ತ ಬಂದಿದೆ. ಆದರೆ ರಾತ್ರಿ ನಡೆದು ಬೆಳಿಗ್ಗೆ ಮನೆಗೆ ಹೋದರೆ ಕಾಫಿ ತಿಂಡಿ ಸಿದ್ಧವಾಗಿರುವವರು ಮಾತ್ರ ಸಂಬಳವಿಲ್ಲದ ಈ ಕೆಲಸವನ್ನು ವರ್ಷಗಟ್ಟಲೆ ಮಾಡಬಲ್ಲರು. ಮೀನುಗಾರನ ಮಗಳು ಅದೇ ಹೊತ್ತಿಗೆ ಬುಟ್ಟಿ ಹೊರಬೇಕು. ಹೀಗಾಗಿ ಕಡಲನ್ನು ರಕ್ಷಿಸುವ ಮಾತು ಯಾವಾಗಲೂ ಕಡಲಿನ ಆಚೆಯವರಿಂದ ಬರುತ್ತದೆ, ಕಡಲಿನವರ ಕಿವಿಗೆ ಅದು ಅಪ್ಪಣೆಯಂತೆ ಕೇಳಿಸುತ್ತದೆ.

ಹಾಗೆ ಕೇಳಿಸಿದರೆ ಏನಾಗುತ್ತದೆ ಎಂಬುದಕ್ಕೆ ದೂರದ ಒಂದು ಉದಾಹರಣೆ. ಡಾರ್ವಿನ್ನನಿಂದ ಹೆಸರಾದ ಗಲಪಗೋಸ್ ದ್ವೀಪಗಳಲ್ಲಿ 1959ರಲ್ಲಿ ಹುಟ್ಟಿದ ಪ್ರತಿಷ್ಠಾನವೊಂದರ ಸಂಶೋಧನಾ ಕೇಂದ್ರವಿದೆ. ಅಲ್ಲಿ ಕಡಲಸೌತೆ ಎಂಬ ಜೀವಿಯನ್ನು ಹಿಡಿಯುವುದಕ್ಕೆ ತಡೆ ಬಂದಾಗ, 1995ರ ಜನವರಿಯಲ್ಲಿ, ಮೀನುಗಾರರು ಸಿಟ್ಟಿಗೆದ್ದು ಆ ಕೇಂದ್ರವನ್ನೇ ಮುತ್ತಿ ಹಿಡಿದರು. ಅವರಿಗೆ ಆಮೆಯ ಮೇಲೆ ದ್ವೇಷವಿತ್ತೆಂದಲ್ಲ. ಬೇಲಿಯ ಒಳಗಿನವರಲ್ಲಿ ತಮ್ಮವರು ಯಾರೂ ಇಲ್ಲವೆಂಬ ಭಾವನೆ. 1998ರ ವಿಶೇಷ ಕಾನೂನು ಆ ದ್ವೀಪಗಳ ಸುತ್ತಲಿನ ಕಡಲನ್ನು ರಕ್ಷಿತವೆಂದು ಸಾರಿತು. ಅದರ ಆಡಳಿತದಲ್ಲಿ ಮೀನುಗಾರರಿಗೂ ಕುರ್ಚಿ ಕೊಟ್ಟಿತು. ಆ ಪ್ರತಿಷ್ಠಾನ ದ್ವೀಪದ ಮಕ್ಕಳಿಗೆ ವಿದ್ಯಾರ್ಥಿವೇತನ, ತರಬೇತಿಗಳನ್ನು ಕೊಡುತ್ತ ಬಂದಿದೆ. ಸ್ಥಳೀಯ ವಿದ್ಯಾರ್ಥಿಗೆ ಕೊಡುವ ಹಣ ದಾನದ ಬಾಬತ್ತಲ್ಲ, ಕೆಲಸದ ಬಾಬತ್ತು ಎಂದು ನಾವು ತಿಳಿದದ್ದು ಇದನ್ನೆಲ್ಲ ಓದಿದ ಮೇಲೆ.

ಅಷ್ಟು ದೂರ ಯಾಕೆ? ಗುಜರಾತಿನ ಕರಾವಳಿಯಲ್ಲಿ ಹಿಂದೆ ತಿಮಿಂಗಿಲ ಶಾರ್ಕನ್ನು ಅದರ ಯಕೃತ್ತಿನ ಎಣ್ಣೆಗಾಗಿ ಕೊಲ್ಲುತ್ತಿದ್ದರು. ದೋಣಿಯ ಮರಕ್ಕೆ ಆ ಎಣ್ಣೆ ಬಳಿಯುತ್ತಿದ್ದರು. 2001ರಲ್ಲಿ ಆ ಮೀನಿಗೆ ಕಾನೂನಿನ ರಕ್ಷಣೆ ಬಂತು. ಕಾಗದದ ಮೇಲೆ ಅಷ್ಟೇ ಆಯಿತು. 2004ರಲ್ಲಿ ಮೊರಾರಿ ಬಾಪು ಅವರು ಅದನ್ನು ಹೆರಿಗೆಗೆ ತವರಿಗೆ ಬಂದ ಮಗಳೆಂದು ಕರೆದ ಮೇಲೆ ಮೀನುಗಾರರೇ ಬಲೆ ಕತ್ತರಿಸಿ ಬಿಡತೊಡಗಿದರು. ಬಲೆಯ ನಷ್ಟವನ್ನೂ ಕಟ್ಟಿಕೊಡುವ ಏರ್ಪಾಡಾಯಿತು. ನೂರಾರು ಮೀನುಗಳು ಹೀಗೆ ಕಡಲಿಗೆ ಮರಳಿವೆ. ತವರು, ಮಗಳು, ಹೆರಿಗೆ! ಕಲಂ ಮತ್ತು ಉಪಕಲಮುಗಳಲ್ಲಿ ದಿನ ಕಳೆಯುವ ನಮ್ಮಂಥವರಿಗೆ ಆ ಮಾತು ಹೊಳೆಯುತ್ತಿರಲಿಲ್ಲ.

ಇನ್ನು ಊರಿನ ಸರಕಾರವಿಲ್ಲವೇ ಎಂಬ ಪ್ರಶ್ನೆ. ಇದೆ. ಕೇಂದ್ರದ ಇನ್‌ಸ್ಪೈರ್ ಯೋಜನೆ 2008ರಲ್ಲಿ ಆರಂಭವಾದಾಗ ಮೂಲ ವಿಜ್ಞಾನ ಓದುವವರಿಗೆ ವರ್ಷಕ್ಕೆ 80,000 ರೂಪಾಯಿ ಗೊತ್ತುಮಾಡಿತು. ಆದರೆ ಮುಖ್ಯವಾಗಿ ಹನ್ನೆರಡನೆಯ ತರಗತಿಯ ಪರೀಕ್ಷೆಯಲ್ಲಿ ಮೇಲಿನ ನೂರಕ್ಕೊಬ್ಬರಲ್ಲಿ ನಿಂತವರಿಗೆ ಅದು. ಬೆಳಗಿನ ಜಾವ ಮೀನು ಆರಿಸಿ ಬಸ್ಸು ಹಿಡಿದು ಕಾಲೇಜಿಗೆ ಹೋಗುವವರು ಆ ಒಂದರಲ್ಲಿ ಬರುವುದು ಕಷ್ಟ. ಕೃಷಿ ಸಂಶೋಧನಾ ಪರಿಷತ್ತಿನ ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನ ಮೀನುಗಾರಿಕೆ ಓದುವವರಿಗೂ ಇದೆ. ಆದರೆ ತನ್ನ ರಾಜ್ಯ ಬಿಟ್ಟು ಹೊರರಾಜ್ಯದಲ್ಲಿ ಓದಿದರೆ ಮಾತ್ರ. ಅಂದರೆ ಕರಾವಳಿಯ ಹುಡುಗ ತನ್ನ ಕಡಲಿನೆದುರಿಗೇ, 1969ರಲ್ಲಿ ದೇಶದಲ್ಲೇ ಮೊದಲನೆಯದಾಗಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದರೆ ಅವನಿಗೆ ಅದು ಸಿಗದು. ಇಲ್ಲಿ ವರ್ಸೋವಾದ ಕೇಂದ್ರ ಮೀನುಗಾರಿಕಾ ಶಿಕ್ಷಣ ಸಂಸ್ಥೆಗೆ ಬಂದರೆ ಸಿಕ್ಕೀತು. ವಲಸೆ ಹೋಗುವವನಿಗೆ ದಾರಿಖರ್ಚು, ಮನೆಯಲ್ಲಿ ನಿಲ್ಲುವವನಿಗೆ ಆಶೀರ್ವಾದ. ರಾಜ್ಯ ಸರಕಾರ 2021ರಲ್ಲಿ ರೈತರ ಮಕ್ಕಳಿಗೆಂದು ಶುರುಮಾಡಿದ ವಿದ್ಯಾನಿಧಿಯನ್ನು 2022ರಲ್ಲಿ ಮೀನುಗಾರರ ಮಕ್ಕಳಿಗೂ ವಿಸ್ತರಿಸಿತು. ಹೆಣ್ಣುಮಕ್ಕಳಿಗೆ ಸ್ನಾತಕೋತ್ತರ ಓದಿಗೆ ವರ್ಷಕ್ಕೆ 11,000 ರೂಪಾಯಿ. ಒಳ್ಳೆಯದೇ. ಅದರಲ್ಲಿ ಹಾಸ್ಟೆಲಿನ ನಾಲ್ಕು ತಿಂಗಳು ಸಾಗೀತು.

ನಿಯಮಾವಳಿ ಬದಲಾಗಲಿಲ್ಲ. ಅದನ್ನು ಬದಲಿಸಲು ಮಹಾಸಭೆ ಬೇಕು, ಮಹಾಸಭೆಗೆ ಕೋರಂ ಬೇಕು, ನಮ್ಮ ಕೋರಂ ಯಕ್ಷಗಾನದ ದಿನ ಬಿಟ್ಟರೆ ಬೇರೆ ದಿನ ತುಂಬುವುದಿಲ್ಲ. ಕೊನೆಗೆ ಏಳು ಮನೆಯವರು ಸೇರಿ ತಿಂಗಳಿಗೆ ಐನೂರರಂತೆ ವರ್ಷಕ್ಕೆ 42,000 ರೂಪಾಯಿ ಕೂಡಿಸುವುದು, ಅದನ್ನು ಸಂಘದ ಪುಸ್ತಕದಲ್ಲಿ 'ಇತರೆ' ಎಂಬ ತಲೆಬರಹದಲ್ಲಿ ಜಮಾ ಮಾಡುವುದು ಎಂದು ತೀರ್ಮಾನವಾಯಿತು. ಮೀನಿನ ಬಾಯಿಯ ತಮಾಷೆ ಮಾಡಿದ್ದವರೇ ಮೊದಲ ಹೆಸರು ಕೊಟ್ಟರು. ಶಾಲು, ಫಲಕ ಬೇಡವೆಂದದ್ದಕ್ಕೆ ಖಜಾಂಚಿಯವರು ಸಂತೋಷಪಟ್ಟರು. ಆದರೆ ಒಂದು ಷರತ್ತು ಹಾಕಿದರು: ಮೂರು ತಿಂಗಳಿಗೊಮ್ಮೆ ಖರ್ಚಿನ ರಶೀದಿ ಬರಬೇಕು.

ಮೊದಲ ಎರಡು ಸಲ ರಶೀದಿಗಳು ಸಾಲಾಗಿ ಬಂದುವು: ಶುಲ್ಕ, ಹಾಸ್ಟೆಲು, ಪುಸ್ತಕ. ಮೂರನೆಯ ಸಲ ಒಂದು ಚೀಟಿ: 'ಬಂಗಡೆ 3 ಕಿಲೋ, ತಾರ್ಲೆ 2 ಕಿಲೋ, ಮಂಜುಗಡ್ಡೆ, ಬಸ್ಸು. ಮೀನಿಗೆ ಬಿಲ್ಲು ಕೊಡುವುದಿಲ್ಲ.' ಖಜಾಂಚಿಯವರು ಹೌಹಾರಿದರು. "ಸ್ಕಾಲರ್‌ಶಿಪ್ಪಿನಲ್ಲಿ ಮೀನು ತಿಂದರೆ ಆಡಿಟರಿಗೆ ಏನು ಹೇಳುವುದು?" ಮೀನಿನ ಹೊಟ್ಟೆ ಸೀಳಿ ಮೊಟ್ಟೆ ಬಲಿತಿದೆಯೇ ಎಂದು ನೋಡಬೇಕಾದರೆ ಅದನ್ನು ಕೊಳ್ಳದೆ ವಿಧಿಯಿಲ್ಲ, ಸೀಳಿದ ಮೀನನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಇಲ್ಲಿ ಮಾತ್ರ ನಮ್ಮ ಗುಮಾಸ್ತಿಕೆ ಕೈಹಿಡಿಯಿತು. ರಶೀದಿ ಸಿಗದ ಚಿಲ್ಲರೆ ಖರ್ಚಿಗೆ ಪ್ರಮಾಣಪತ್ರ ಸಾಕೆಂಬುದು ಸರಕಾರಿ ಕಚೇರಿಗಳಲ್ಲಿ ಹಳೆಯ ಪದ್ಧತಿ. 'ಮೇಲ್ಕಂಡ ಮೀನನ್ನು ಅಧ್ಯಯನದ ಉದ್ದೇಶಕ್ಕಾಗಿ ಖರೀದಿಸಿದ್ದು, ಮಾರಾಟಗಾರರು ರಶೀದಿ ನೀಡುವ ವಾಡಿಕೆ ಇರುವುದಿಲ್ಲವೆಂದು ದೃಢೀಕರಿಸಿದೆ' ಎಂದು ಒಂದು ನಮೂನೆ ಬರೆದುಕೊಟ್ಟೆವು. ಎರಡು ವರ್ಷದಲ್ಲಿ ಅಂಥವು ಹದಿನಾಲ್ಕು ಬಂದುವು. ಆಡಿಟರು ಸಹಿ ಹಾಕಿದರು. ವಿದ್ಯಾರ್ಥಿವೇತನ ಕೊಡುವವರು ಶುಲ್ಕದ ಲೆಕ್ಕ ಮಾತ್ರ ಹಾಕುತ್ತಾರೆ. ಕಡಲ ಓದಿನ ಅರ್ಧ ಖರ್ಚು ಬಸ್ಸಿನಲ್ಲೂ ಬುಟ್ಟಿಯಲ್ಲೂ ಆಗುತ್ತದೆ ಎಂಬುದನ್ನು ಸಂಘ ಆ ಹದಿನಾಲ್ಕು ಚೀಟಿಗಳಿಂದ ಕಲಿಯಿತು.

2023ರ ಡಿಸೆಂಬರಿನಲ್ಲಿ ರಜೆ ಹಾಕಿ ಊರಿಗೆ ಹೊರಟವರು ಭಟ್ಕಳದಲ್ಲಿ ಇಳಿದೆವು. ರೈಲಿನ ಹೆಸರು ಮತ್ಸ್ಯಗಂಧಾ. ಇಂಥ ಹೆಸರು ಇಟ್ಟವರು ಯಾರೋ, ಬಾಯಿ ಸಿಹಿಯಾಗಲಿ. ಮರುದಿನ ಬೆಳಿಗ್ಗೆ ಬಂದರಿನ ದಕ್ಕೆಯಲ್ಲಿ ಹುಡುಗಿಯನ್ನು ಕಂಡೆವು. ಏಲಂ ಕೂಗು, ಮಂಜುಗಡ್ಡೆ ಪುಡಿಮಾಡುವ ಯಂತ್ರದ ಸದ್ದು, ನಡುವೆ ಮೊಣಕಾಲಿನವರೆಗೆ ರಬ್ಬರ್ ಬೂಟು ಹಾಕಿ ಕುಳಿತು ಮರದ ಅಳತೆಪಟ್ಟಿಯ ಮೇಲೆ ಒಂದೊಂದೇ ಮೀನನ್ನು ಇಟ್ಟು ತೆಗೆಯುತ್ತಿದ್ದಳು. ಬುಟ್ಟಿಯಿಂದ ಆರಿಸದೆ, ಕೈಗೆ ಸಿಕ್ಕಿದ ನೂರು ಮೀನು. ಪ್ರತಿಯೊಂದರ ಉದ್ದ ಪುಸ್ತಕದಲ್ಲಿ. "ಬನ್ನಿ ಅಕ್ಕಾ, ಅಲ್ಲಿ ನಿಲ್ಲಬೇಡಿ, ಜಾರ್ತದೆ," ಎಂದು ನಮ್ಮ ಮನೆಯವರ ಕೈಹಿಡಿದು ಒಳಗೆ ಕರೆದಳು.

ಅಳತೆಗೆ ಯಾಕೆ ಇಷ್ಟು ಮಹತ್ವ? ಮೀನು ಒಂದು ಸಲವಾದರೂ ಮೊಟ್ಟೆಯಿಟ್ಟ ಮೇಲೆ ಬಲೆಗೆ ಬಿದ್ದರೆ ಕಡಲಿಗೆ ನಷ್ಟವಿಲ್ಲ. ಅದಕ್ಕೆ ಮೊದಲೇ ಬಿದ್ದರೆ ಮೊದಲಿಗೇ ಮೋಸ. 1947ರಲ್ಲಿ ಸ್ಥಾಪನೆಯಾಗಿ ಈಗ ಕೊಚ್ಚಿಯಲ್ಲಿ ಮುಖ್ಯ ಕಚೇರಿ ಇರುವ ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ದೇಶದ ದಕ್ಕೆಗಳಲ್ಲಿ ದಶಕಗಳಿಂದ ಹಿಡುವಳಿಯ ಲೆಕ್ಕ ಇಡುತ್ತ, ಯಾವ ಮೀನು ಎಷ್ಟು ಉದ್ದಕ್ಕಿಂತ ಕಡಿಮೆಯಿದ್ದರೆ ಹಿಡಿಯಬಾರದೆಂದು ಶಿಫಾರಸು ಮಾಡಿದ್ದಾರೆ. ಕೇರಳ 2015ರಲ್ಲಿ ಅದನ್ನು ಕಾನೂನು ಮಾಡಿ ಬೂತಾಯಿಗೆ 10 ಸೆಂಟಿಮೀಟರ್, ಬಂಗಡೆಗೆ 14 ಎಂದು ಗೊತ್ತುಮಾಡಿತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ ಇರುವುದೂ ಇದೇ ಕಾರಣಕ್ಕೆ: ಮಳೆಗಾಲದಲ್ಲಿ ಈ ಮೀನುಗಳು ಮೊಟ್ಟೆಯಿಡುತ್ತವೆ. ಆದರೆ ರಜೆ ಮುಗಿದು ಸಣ್ಣಕಣ್ಣಿನ ಬಲೆ ಇಳಿದರೆ, ಆ ಮೊಟ್ಟೆಗಳಿಂದ ಬೆಳೆದ ಮರಿಗಳೇ ರಾಶಿರಾಶಿಯಾಗಿ ಬರುತ್ತವೆ. ತಿನ್ನಲು ಯಾರೂ ಕೊಳ್ಳದ ಆ ಮರಿಗಳು ಲಾರಿಯಲ್ಲಿ ಮೀನುಹಿಟ್ಟಿನ ಕಾರ್ಖಾನೆಗೆ ಹೋಗಿ, ಸಿಗಡಿಗೂ ಕೋಳಿಗೂ ಆಹಾರವಾಗುತ್ತವೆ. 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ಬೆಳಕು ಬಿಟ್ಟು ಮೀನು ಹಿಡಿಯುವುದನ್ನೂ ಎರಡು ಬೋಟು ಸೇರಿ ಬಲೆ ಎಳೆಯುವುದನ್ನೂ ನಿಷೇಧಿಸಿತು. ನಿಷೇಧದ ಕಾಗದ ಬೆಂಗಳೂರು ದಿಲ್ಲಿಗಳಲ್ಲಿರುತ್ತದೆ, ರಾತ್ರಿ ಕಡಲಿನಲ್ಲಿ ದೀಪ ಕಂಡವರು ಕಡಲಿನಲ್ಲಿರುತ್ತಾರೆ.

ಮರಿಮೀನು ಎಷ್ಟು ಬಂತೆಂದು ಹೊರಗಿನವರು ಕೇಳಿದರೆ ದಕ್ಕೆ ಸುಮ್ಮನಾಗುತ್ತದೆ. ಇವಳಿಗೂ ಸುಮ್ಮನಾಗಿತ್ತು. ಚಿಕ್ಕಪ್ಪನಿಗೆ ಪರ್ಸೀನ್ ಬೋಟೊಂದರಲ್ಲಿ ಪಾಲಿದೆ. ಹುಡುಗಿ ಬರೆದುಕೊಂಡದ್ದು ಇಲಾಖೆಗೆ ಹೋಗಿ ದಂಡ ಬೀಳುತ್ತದೆಂದು ಯಾರೋ ಸುದ್ದಿ ಎಬ್ಬಿಸಿದರಂತೆ. ಹದಿನೈದು ದಿನ ಯಾವ ಬೋಟಿನವರೂ ಬುಟ್ಟಿ ಮುಟ್ಟಗೊಡಲಿಲ್ಲ. ಚಿಕ್ಕಪ್ಪ ಮನೆಗೆ ಬಂದರೂ ಮಾತಾಡಲಿಲ್ಲ. ಆ ಹದಿನೈದು ದಿನ ಅವಳು ಅಳೆದದ್ದು ತಾಯಿಯ ಬುಟ್ಟಿಯನ್ನು. ತಾಯಿ ಏಲಂನಲ್ಲಿ ಮೀನು ಹಿಡಿದು ಮನೆಮನೆಗೆ ಮಾರುವವರು. ಮಾರಾಟಕ್ಕೆ ತಡವಾಗುತ್ತದೆಂದು ಬಯ್ಯುತ್ತಲೇ ಬುಟ್ಟಿ ಇಳಿಸಿ, "ಬೇಗ ಅಳಿಯೇ, ಬಿಸಿಲೇರ್ತು" ಎನ್ನುತ್ತಿದ್ದರಂತೆ. ಆಮೇಲೆ ಹುಡುಗಿ ಪುಸ್ತಕವನ್ನು ದಕ್ಕೆಯಲ್ಲೇ ಎಲ್ಲರಿಗೂ ತೋರಿಸಿದಳು: ಬೋಟಿನ ಹೆಸರಿಲ್ಲ, ನಂಬರಿಲ್ಲ, ತಾರೀಕು ಮತ್ತು ಉದ್ದ ಮಾತ್ರ. ಒಬ್ಬೊಬ್ಬರಾಗಿ ಬಿಟ್ಟರು. ಚಿಕ್ಕಪ್ಪ ಬಿಟ್ಟದ್ದು ಎಲ್ಲರಿಗಿಂತ ಕೊನೆಗೆ. ಹೊರಗಿನಿಂದ ಬಂದ ವಿದ್ಯಾರ್ಥಿಯಾಗಿದ್ದರೆ ಎರಡನೆಯ ದಿನವೇ ಬೇರೆ ಬಂದರಿಗೆ ಹೋಗುತ್ತಿದ್ದ. ಇವಳಿಗೆ ಹೋಗಲು ಬೇರೆ ಬಂದರಿರಲಿಲ್ಲ. ಅವಳ ಅಂಕಿಗಳನ್ನು ಇಲ್ಲಿ ಬರೆಯುವುದಿಲ್ಲ. ಅವು ಅವಳ ಪ್ರಬಂಧದ ಸೊತ್ತು.

ತಂದೆ ಟ್ರಾಲ್ ಬೋಟಿನ ತಾಂಡೇಲರು. ಸಂಜೆ ಮನೆಯಲ್ಲಿ ಚಹಾ ಕೊಟ್ಟು, ಬಹಳ ಹೊತ್ತು ಸುಮ್ಮನಿದ್ದು, ಕೇಳಿದರು: "ಅಲ್ರಾ, ಮೀನು ಹಿಡೀಬೇಡಿ ಹೇಳೂಕೆ ನಮ್ಮ ಮಗಳಿಗೇ ಕಲಿಸೂದಾ ನೀವು? ದುಡ್ಡು ಕೊಟ್ಟು?" ಕೋಪವಿರಲಿಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದು. ನಾವು ಉತ್ತರ ಹುಡುಕುತ್ತಿದ್ದಾಗ ಒಳಗಿನಿಂದ ಹುಡುಗಿಯೇ, "ಹಿಡೀಬೇಡಿ ಅಲ್ಲ ಅಪ್ಪಾ, ಇಷ್ಟು ಸಣ್ಣದು ಹಿಡೀಬೇಡಿ," ಎಂದಳು. "ಅದು ಬಲೆಗೆ ಹೇಳು," ಎಂದರು ತಂದೆ. ಆ ಮಾತಿನಲ್ಲಿ ಹುರುಳಿದೆ. ಡೀಸೆಲಿನ ಸಾಲ, ಬಲೆಯ ಸಾಲ ಇರುವವನಿಗೆ ನಾಲ್ಕು ದಿನ ಖಾಲಿ ಬರುವ ಧೈರ್ಯ ಎಲ್ಲಿಂದ ಬರಬೇಕು? ಮಹಾರಾಷ್ಟ್ರದಲ್ಲಿ ಬಲೆಗೆ ಬಿದ್ದ ಆಮೆ, ತಿಮಿಂಗಿಲ ಶಾರ್ಕುಗಳಂಥ ರಕ್ಷಿತ ಪ್ರಾಣಿಗಳನ್ನು ಬಲೆ ಕತ್ತರಿಸಿ ಬಿಟ್ಟ ಮೀನುಗಾರನಿಗೆ 25,000 ರೂಪಾಯಿವರೆಗೆ ಪರಿಹಾರ ಕೊಡುವ ಯೋಜನೆ ಬಂದದ್ದನ್ನು ಹೇಳಿದೆವು. "ಬಂಗಡೆ ಮರಿ ಬಿಟ್ಟರೆ ಯಾರು ಕೊಡ್ತಾರೆ?" ಎಂದು ಕೇಳಿದರು. ಇದುವರೆಗೆ ಯಾರೂ ಕೊಟ್ಟದ್ದು ನಾವು ಕೇಳಿಲ್ಲ.

ನಮ್ಮ ಕರಾವಳಿಯ ಬಹಳ ಕಡೆ ಹೆಂಗಸರು ಮೀನಿಗೆ ಹೋಗುವ ದೋಣಿ ಹತ್ತುವುದಿಲ್ಲ. ನೇತ್ರಾಣಿ ದ್ವೀಪದ ಸುತ್ತ ಹವಳದ ನಡುವೆ ಮುಳುಗಿ ಬರಲು ಬೆಂಗಳೂರಿನ ಹುಡುಗಿಯರು ಹಣ ಕೊಟ್ಟು ಬರುತ್ತಾರೆ. ಅದರೆದುರಿನ ದಡದಲ್ಲಿ ಹುಟ್ಟಿದ ಇವಳು ಅಲ್ಲಿಗೆ ಮೊದಲ ಸಲ ಹೋದದ್ದು ವಿಭಾಗದವರ ಜೊತೆ ಎಂ.ಎಸ್‌ಸಿ.ಯ ಎರಡನೆಯ ವರ್ಷದಲ್ಲಿ. ತಂದೆಯ ಬೋಟನ್ನು ಇನ್ನೂ ಹತ್ತಿಲ್ಲ. ಕೇಳಿದ್ದಾಳೆ. ನೋಡುವಾ ಎಂದಿದ್ದಾರಂತೆ.

2024ರಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದಳು. ಸಂಘದಲ್ಲಿ ಪೇಡೆ ಹಂಚಿದೆವು. ಆಗಸ್ಟಿನಲ್ಲಿ ಫೋನು ಬಂತು: ಕೆಲಸ ಸಿಕ್ಕಿದೆ, ಪ್ರಯೋಗಶಾಲೆಯಲ್ಲಿ, ಸಂಬಳ ಪರವಾಗಿಲ್ಲ. ಎಲ್ಲಿ ಎಂದರೆ, ಮೀನುಹಿಟ್ಟಿನ ಕಾರ್ಖಾನೆಯಲ್ಲಿ.

ಉಪಸಮಿತಿಯಲ್ಲಿ ಅಂದು ಚಹಾ ಎರಡು ಸಲ ತರಿಸಬೇಕಾಯಿತು. ಮರಿಮೀನು ಉಳಿಸಲೆಂದು ಓದಿಸಿದವಳು ಮರಿಮೀನು ಅರೆಯುವಲ್ಲಿ ಸೇರಿದಳಲ್ಲ ಎಂದು ಒಬ್ಬರು ತಲೆಗೆ ಕೈಯಿಟ್ಟರು. ಮುಂದೆ ಕೊಡುವುದಾದರೆ ಮೂರು ವರ್ಷ ಸಂರಕ್ಷಣೆಯ ಕೆಲಸವನ್ನೇ ಮಾಡುತ್ತೇನೆಂದು ಬಾಂಡು ಬರೆಸಿಕೊಳ್ಳಬೇಕೆಂದು ಖಜಾಂಚಿಯವರು ಸೂಚಿಸಿದರು. ನಾವು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ನಮ್ಮ ನಿಧಿಯಿಂದ ಎಂಜಿನಿಯರಾಗಿ ಅಮೆರಿಕಕ್ಕೆ ಹೋದ ಯಾವ ಹುಡುಗನಿಂದ ನಾವು ಬಾಂಡು ಬರೆಸಿಕೊಂಡಿದ್ದೇವೆ? ಕಲಿತವಳಿಗೆ ತನ್ನ ತಾಲೂಕಿನಲ್ಲಿ ಸಂಬಳ ಕೊಡುವ ಪ್ರಯೋಗಶಾಲೆ ಅದೊಂದೇ ಆಗಿದ್ದರೆ ತಪ್ಪು ಅವಳದಲ್ಲ. ಯು.ಜಿ.ಸಿ. ಪರೀಕ್ಷೆ ಗೆದ್ದರೆ ಸಂಶೋಧನೆಗೆ ತಿಂಗಳಿಗೆ 37,000 ರೂಪಾಯಿಯ ಫೆಲೋಶಿಪ್ಪು ಇದೆ. ಗೆಲ್ಲುವ ತನಕ ಮನೆಯಲ್ಲಿ ಕೂತು ಓದಲು ಬಲೆಯ ಸಾಲ ಬಿಡಬೇಕಲ್ಲ. ಹೊನ್ನಾವರ ತಾಲೂಕಿನಲ್ಲಿ ಅಪ್ಸರಕೊಂಡದ ಕಡಲನ್ನು ವನ್ಯಜೀವಿಧಾಮ ಮಾಡಿದ್ದಾರೆ. ಅಂಥ ಕಡೆ ಈ ಮಕ್ಕಳಿಗೆ ನಾಲ್ಕು ಹುದ್ದೆ ಹುಟ್ಟಿದರೆ ಆಗ ಬಾಂಡಿನ ಮಾತಾಡೋಣ ಎಂದೆವು. ಇಬ್ಬರು ಅಸಮಾಧಾನದಿಂದಲೇ ಎದ್ದು ಹೋದರು. ಏಳು ಮನೆ ಐದಾಯಿತು.

ಆ ನವೆಂಬರಿನಿಂದ ಸಂಘದ ಖಾತೆಗೆ ತಿಂಗಳಿಗೆ ಐನೂರು ರೂಪಾಯಿ ಅವಳ ಫೋನಿನಿಂದ ಬರುತ್ತಿದೆ. ಪತ್ರವಿಲ್ಲ, ಟಿಪ್ಪಣಿಯಿಲ್ಲ. ಇದನ್ನು ಯಾವ ತಲೆಬರಹದಲ್ಲಿ ಬರೆಯುವುದೆಂದು ಖಜಾಂಚಿಯವರು ಕೇಳಿದರು. 'ಇತರೆ' ಇದೆಯಲ್ಲ ಎಂದೆವು. ಪರೀಕ್ಷೆಗೆ ರಾತ್ರಿ ಓದುತ್ತಿದ್ದಾಳಂತೆ. ಒಂದು ಸಲ ಬರೆದು ಕೆಲವು ಅಂಕದಲ್ಲಿ ತಪ್ಪಿದೆ.

ಈ ವರ್ಷ ಎರಡು ಅರ್ಜಿಗಳು ಬಂದಿವೆ. ಒಂದು ತದಡಿಯ ಹುಡುಗನದು. ಅಘನಾಶಿನಿಯ ಅಳಿವೆಯಲ್ಲಿ ಬಳಚು ಹೆಕ್ಕುವ ಹೆಂಗಸಿನ ಮಗ, ಮಂಗಳೂರಿನಲ್ಲಿ ಮೀನುಗಾರಿಕೆ ಪದವಿಗೆ ಸೇರಲಿರುವವನು. ಇನ್ನೊಂದು ಇಲ್ಲಿಯೇ ವರ್ಸೋವಾದ ಹುಡುಗಿಯದು. ತಾಯಿ ಕುಂದಾಪುರದ ಕಡೆಯವರು, ತಂದೆ ಕೋಳಿ, ಅರ್ಜಿ ಮರಾಠಿಯಲ್ಲಿದೆ. ಹಣ ಒಬ್ಬರಿಗೆ ಮಾತ್ರ ಇದೆ, ಅದೂ ಪೂರ್ತಿ ಇಲ್ಲ. ಮುಂದಿನ ತಿಂಗಳ ಎರಡನೆಯ ಭಾನುವಾರ ಸಂಜೆ 5 ಗಂಟೆಗೆ ಸಂಘದ ಕೋಣೆಯಲ್ಲಿ ಸಭೆ ಇದೆ. ಏಳನೆಯ ಕಾಲಮನ್ನು ನಮೂನೆಯಿಂದ ತೆಗೆಯುವ ಸೂಚನೆಯನ್ನು ಬರೆದು ಇಟ್ಟುಕೊಂಡಿದ್ದೇವೆ. ಅನುಮೋದಿಸಲು ಒಬ್ಬ ಸದಸ್ಯರ ಸಹಿ ಬೇಕಾಗಿದೆ.